ಹಿರಿಯೂರು ದಾಟಿ ಆರು ಕಿಲೋಮೀಟರು

ಗದಗ,
ಹದಿಮೂರನೆಯ ತಿಂಗಳ ಇಪ್ಪತ್ತೈದು,
ಇಸವಿ ಎರಡು ಸಾವಿರದ ನೂರ ಎಪ್ಪತ್ತೇಳು.

ಬೆಟಗೇರಿಯ ಎಸ್ತೇರವ್ವನಿಗೆ, ನಿನ್ನ ಮರಿಮಗಳ ಮಗಳು ನಿರೀಕ್ಷಾ ಮಾಡುವ ನಮಸ್ಕಾರ.

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಹರಿದು ಹಾಕಬೇಡ. ನಮ್ಮ ವರ್ಷಕ್ಕೆ ತಿಂಗಳು ಹದಿಮೂರು, ಒಂದೊಂದಕ್ಕೂ ಇಪ್ಪತ್ತೆಂಟೇ ದಿನ. ಕ್ರಿಸ್‌ಮಸ್ ನಮಗೆ ಕೊನೆಯ ತಿಂಗಳ ಇಪ್ಪತ್ತಮೂರಕ್ಕೆ ಬರುತ್ತದೆ. ನನ್ನ ಮಾತು ನಿನಗೆ ವಿಚಿತ್ರ ಅನಿಸಿದರೆ ಕ್ಷಮಿಸು. ನಿಮ್ಮ ಕಾಲದ ಕನ್ನಡ ಬರೆಯಲು ಮೂರು ತಿಂಗಳು ಕೂತು ಕಲಿತಿದ್ದೇನೆ, ಆದರೂ ಅಲ್ಲಲ್ಲಿ ಎಡವಿರಬಹುದು. ಇನ್ನೊಂದು ವಿಷಯಕ್ಕೂ ಕ್ಷಮೆ ಇರಲಿ. ನಿನಗೀಗ ಮೂವತ್ತಾರು, ನನಗೆ ಎಪ್ಪತ್ತೊಂದು. ಹಲ್ಲು ಬಿದ್ದ ಮುದುಕಿ ನಿನ್ನನ್ನು ಅವ್ವಾ ಅಂತ ಕರೆದರೆ ನಿನಗೆ ನಗು ಬಂದೀತು. ನಕ್ಕರೂ ಅಡ್ಡಿಯಿಲ್ಲ, ನಾನು ಹಾಗೇ ಕರೆಯುವವಳು.

ಇದಕ್ಕೆ ಹಿಂದೋಲೆ ಅನ್ನುತ್ತೇವೆ, ಹಿಂದಿನ ಕಾಲಕ್ಕೆ ಹೋಗುವ ಓಲೆ. ಒಂದು ಮನೆತನಕ್ಕೆ ಒಂದೇ ಒಂದು. ಮನೆತನದ ಹಿರಿಯರೆಲ್ಲ ಒಪ್ಪಿ ರುಜು ಹಾಕಿದರೆ ಮಾತ್ರ ಕಚೇರಿಯವರು ಅದನ್ನು ಕಳಿಸುತ್ತಾರೆ. ನಮ್ಮಲ್ಲಿ ಹಿರಿಯರು ಅಂತ ಉಳಿದವರು ಇಬ್ಬರು, ನಾನು ಮತ್ತು ನನ್ನ ತಂಗಿ ವಚನಾ. ನಾವಿಬ್ಬರೂ ಹತ್ತೊಂಬತ್ತು ವರ್ಷ ಮಾತು ಬಿಟ್ಟವರು. ಈ ಕಾಗದದಲ್ಲಿ ನಿನಗೆ ಒಂದು ಮಾತು ಹೇಳಬೇಕೋ ಬೇಡವೋ ಅನ್ನುವುದೇ ಈಗಿನ ಜಗಳ. ಆ ಮಾತು ಹೇಳಿದರೆ ಒಂದು ಮಗುವಿಗೆ ಸುಖ. ಹೇಳಿದರೆ ನನಗೆ ಇರುವುದೊಂದೂ ಹೋಗುತ್ತದೆ.

ನೀನು ಇದೇ ಡಿಸೆಂಬರ್ ಇಪ್ಪತ್ತಾರರಂದು, ಕ್ರಿಸ್‌ಮಸ್ಸಿನ ಮಾರನೆಯ ದಿನ, ಗಂಡ ಪ್ರಭಾಕರ, ಅತ್ತೆ ಸಾರವ್ವ, ಆರು ವರ್ಷದ ಮಗಳು ಸ್ತುತಿ, ಇಷ್ಟು ಜನರ ಜೊತೆ ಕಾರಿನಲ್ಲಿ ತುಮಕೂರು ದಾಟಿ ಹಿಮಲೋಕಕ್ಕೆ ಹೊರಡುವವಳಿದ್ದೀ. ಸೂರಿನ ಕೆಳಗೆ ಹಿಮ ಸುರಿಸಿ, ದೀಪದ ಮರ ನಿಲ್ಲಿಸಿ, ಮಕ್ಕಳನ್ನು ಜಾರುಬಂಡಿಯಲ್ಲಿ ಕೂರಿಸುವ ಆ ಪಾರ್ಕು. ಸ್ತುತಿ ಒಂದು ತಿಂಗಳಿಂದ ನಿನ್ನ ತಲೆ ತಿನ್ನುತ್ತಿರಬೇಕು.

ನೀವು ಅಲ್ಲಿಗೆ ಮುಟ್ಟುವುದಿಲ್ಲ. ಇದು ಹೇಳಿದ್ದಕ್ಕೆ ಸಿಟ್ಟಾಗಬೇಡ, ಮುಂದೆ ಓದು.

ನಮ್ಮ ಪ್ರಯಾಣ ಹೇಗೆ ಅಂತ ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಸಂಕಟ ನಿನಗೆ ತಿಳಿಯದು. ನಮ್ಮಲ್ಲಿ ಕಾರಿಲ್ಲ, ಒಂಟಿಗೂಡು ಇದೆ. ಒಬ್ಬರು ಒರಗಿಕೊಳ್ಳುವಷ್ಟು ಜಾಗ, ಸುತ್ತ ಗಾಜು, ಒಳಗೆ ತಂಪು ಗಾಳಿ. ಅದು ತಾನೇ ಓಡುತ್ತದೆ, ತಾನೇ ನಿಲ್ಲುತ್ತದೆ. ಕೂಸಿಗೆ ಹಲ್ಲು ಬಂದ ಮೇಲೆ ಅದಕ್ಕೂ ಬೇರೆಯದೇ ಗೂಡು. ಉಸಿರುಬೇನೆಯ ವರ್ಷಗಳಲ್ಲಿ ಜನ ಜನರಿಂದ ದೂರ ಕೂರಲು ಕಲಿತರು, ಬೇನೆ ಹೋದ ಮೇಲೂ ಹತ್ತಿರ ಕೂರುವುದನ್ನು ಯಾರೂ ಮತ್ತೆ ಕಲಿಯಲಿಲ್ಲ. ಮನೆಯಲ್ಲೂ ಅಷ್ಟೇ, ಒಬ್ಬರಿಗೊಂದು ಕೋಣೆ, ಕೋಣೆಗೊಂದು ಊಟದ ಕಿಂಡಿ. ಎಸ್ತೇರವ್ವಾ, ನಿಮ್ಮ ಕಾರಿನ ಒಂದು ಚಿತ್ರ ನನ್ನ ಹತ್ತಿರ ಇದೆ. ಹಿಂದಿನ ಸೀಟಿನಲ್ಲಿ ಸಾರವ್ವ ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ, ಸ್ತುತಿಯ ತಲೆ ಅವಳ ತೊಡೆಯ ಮೇಲೆ, ಅವಳ ಕಾಲು ನಿನ್ನ ಮಡಿಲಿನಲ್ಲಿ, ಮಧ್ಯದಲ್ಲಿ ಒಂದು ಕರ್ಚಿಕಾಯಿ ಡಬ್ಬಿ. ನಿನ್ನ ಮುಖ ನೋಡಿದರೆ ಸೆಕೆಗೆ, ಇಕ್ಕಟ್ಟಿಗೆ ಬೇಸತ್ತ ಹಾಗೆ ಕಾಣುತ್ತದೆ. ನನಗೋ ಆ ಇಕ್ಕಟ್ಟಿನ ಮೇಲೆಯೇ ಕಣ್ಣು. ಈ ಎಪ್ಪತ್ತೊಂದು ವರ್ಷದಲ್ಲಿ ಹಲ್ಲು ಬಾರದ ಕೂಸು ಬಿಟ್ಟರೆ ಒಬ್ಬರೂ ನನ್ನ ಹೆಗಲ ಮೇಲೆ ನಿದ್ದೆ ಹೋಗಿಲ್ಲ. ಹೊಟ್ಟೆಕಿಚ್ಚು ಅಂತೀಯೇನು, ಅನ್ನು. ಹೌದು, ಹೊಟ್ಟೆಕಿಚ್ಚೇ.

ನಮಗೆ ಉಳಿದಿರುವುದು ನಿಲುಹಬ್ಬ ಒಂದೇ. ಕ್ರಿಸ್‌ಮಸ್ಸಿನ ಮಾರನೆಯ ದಿನ ನಮ್ಮ ಮನೆತನದವರೆಲ್ಲ ಎಲ್ಲೆಲ್ಲಿಂದಲೋ ಒಂಟಿಗೂಡಿನಲ್ಲಿ ಬಂದು, ಹಿರಿಯೂರು ದಾಟಿ ಆರನೆಯ ಕಿಲೋಮೀಟರಿನಲ್ಲಿ ಇಳಿಯುತ್ತೇವೆ. ನಿಮ್ಮ ಹೆದ್ದಾರಿ ಈಗ ಚಪ್ಪರದ ಕೆಳಗಿದೆ, ಹಗಲಿನಲ್ಲಿ ಹೊರಗೆ ಕಾಲಿಡಲಾಗದಷ್ಟು ಬಿಸಿಲು. ನಾವು ಹೋಗುವುದು ನಸುಕಿನಲ್ಲಿ. ಡಿಸೆಂಬರಿನಲ್ಲಿ ನೀವು ಸ್ವೆಟರ್ ಹಾಕುತ್ತಿದ್ದಿರಿ ಅಂದರೆ ನಮ್ಮ ಮಕ್ಕಳು ನಂಬುವುದಿಲ್ಲ. ಅಲ್ಲಿ ಇಳಿದು, ಒಬ್ಬರಿಗೊಬ್ಬರು ತಾಗಿಕೊಂಡು, ಮೂರು ಗಳಿಗೆ ನಿಲ್ಲುತ್ತೇವೆ. ಎಲ್ಲರಿಗಿಂತ ಹಿರಿಯಳು ಕಲ್ಲಿನ ಮೇಲೆ ಕೂತು ಎಲ್ಲರನ್ನೂ ಬೈಯಬೇಕು. ಈಗ ಆ ಪಾಳಿ ನನ್ನದು, ನಾನು ಅದನ್ನು ಚೆನ್ನಾಗಿಯೇ ಮಾಡುತ್ತೇನೆ. ಒಬ್ಬ ಗಂಡಸು ಒಂದು ದುಂಡನೆಯ ಕಲ್ಲನ್ನು ಮೂರು ಸಲ ಒದೆಯಬೇಕು. ಅದು ಒದೆಗಲ್ಲು, ಸೈತಾನನ ಗುರುತು. ಆಮೇಲೆ ನವಣೆ ಹಿಟ್ಟಿನ ಕರ್ಚಿಕಾಯಿ ಹಂಚಿ, ನಿಂತುಕೊಂಡೇ ತಿನ್ನಬೇಕು. ಎಲ್ಲರಿಗಿಂತ ಚಿಕ್ಕ ಮಗು ಅಳಬೇಕು. ಇದಕ್ಕೆ ಅಳುಪಾಳಿ ಅನ್ನುತ್ತೇವೆ.

ಇದನ್ನೆಲ್ಲ ಶುರುಮಾಡಿದವಳು ನನ್ನಜ್ಜಿ, ಸ್ತುತಿಯ ಮಗಳು. ಅವಳು ಹೇಳಿಕೊಟ್ಟದ್ದು ಇಷ್ಟು. ಮುಂದೆ ಏನೋ ದೊಡ್ಡ ಗಂಡಾಂತರ ಕಾದಿತ್ತು, ದೇವರು ಎಸ್ತೇರವ್ವನ ಕಾರನ್ನು ಅಲ್ಲಿ ತಡೆದು ನಿಲ್ಲಿಸಿ ಮನೆತನವನ್ನು ಉಳಿಸಿದ, ಪ್ರಭಾಕರಪ್ಪ ಸೈತಾನನನ್ನು ಒದ್ದ, ಸ್ತುತಿ ಆನಂದದಿಂದ ಅತ್ತಳು. ಮೊದಲನೆಯ ಅಳುಪಾಳಿ ಐದು ವರ್ಷದ ನನ್ನದಾಗಿತ್ತು. ಎಷ್ಟು ಚೆಂದ ಅತ್ತೆ ಅಂದರೆ ನೆರೆದಿದ್ದ ಅರವತ್ತು ಮಂದಿಯೂ ಕಣ್ಣೊರೆಸಿಕೊಂಡರು. ಆ ಹೆಮ್ಮೆ ಇವತ್ತಿಗೂ ನನಗಿದೆ. ವಚನಾಳ ಪಾಳಿ ಬಂದಾಗ ಅವಳಿಗೆ ಅಳು ಬರಲಿಲ್ಲ. ಬಾಯಿಗೆ ಕೈ ಇಟ್ಟುಕೊಂಡು ಕಿಸಕ್ಕನೆ ನಕ್ಕಳು. ನಮ್ಮವ್ವ ಅವಳ ತೊಡೆ ಹಿಂಡಿ ಅಳಿಸಿದಳು. ಅದರ ಗುರುತು ಎಂಟು ದಿನ ಇತ್ತು. ನಾನು ಅವಳಿಗೆ ಅಳಲೂ ಬರದವಳು ಅಂತ ವರ್ಷಗಟ್ಟಲೆ ರೇಗಿಸಿದೆ.

ಆ ವಚನಾ ದೊಡ್ಡವಳಾಗಿ ದನಿಮನೆಯಲ್ಲಿ ಕೆಲಸಕ್ಕೆ ಸೇರಿದಳು. ತೀರಿಹೋದವರ ದನಿಗಳನ್ನು ಕೂಡಿಡುವ ಜಾಗ ಅದು. ಹತ್ತೊಂಬತ್ತು ವರ್ಷದ ಹಿಂದೆ ಅಲ್ಲಿ ಅವಳಿಗೆ ನಿನ್ನ ಸ್ತುತಿಯ ದನಿ ಸಿಕ್ಕಿತು. ಎಂಬತ್ತೆಂಟನೆಯ ವಯಸ್ಸಿನಲ್ಲಿ, ಸಾಯುವ ಮುಂಚಿನ ತಿಂಗಳುಗಳಲ್ಲಿ ಆರೈಕೆಯವಳ ಮುಂದೆ ಆಡಿದ ಮಾತುಗಳು. ಓಡಿ ಬಂದು ನನಗೆ ಕೇಳಿಸಿದಳು. ಗಂಡಾಂತರವೂ ಇಲ್ಲ, ಸೈತಾನನೂ ಇಲ್ಲ. ನಿಮ್ಮ ಕಾರಿನ ಹಿಂದಿನ ಎಡಗಡೆಯ ಸವೆದ ಟೈರು ಪಂಕ್ಚರ್ ಆಗಿತ್ತು. ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಪ್ರಭಾಕರಪ್ಪ ಸಿಟ್ಟಿನಲ್ಲಿ ಟೈರನ್ನು ಒದ್ದದ್ದು, ಸಾರವ್ವ ಕಲ್ಲಿನ ಮೇಲೆ ಕೂತು ಮಗನನ್ನು ಬಾಯಿಗೆ ಬಂದಂತೆ ಬೈದದ್ದು, ಮಗು ಅತ್ತು ಹಟ ಹಿಡಿದದ್ದಕ್ಕೆ ನೀನು ಕರ್ಚಿಕಾಯಿ ಕೈಗೆ ಕೊಟ್ಟದ್ದು, ಅಷ್ಟೇ ನಡೆದದ್ದು. ಪಂಕ್ಚರ್ ಹಾಕುವವನು ಬರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಇನ್ನು ಹೋದರೂ ಒಳಗೆ ಬಿಡುವುದಿಲ್ಲ ಅಂತ ನೀವು ವಾಪಸು ಬಂದಿರಿ. ಆ ಚಳಿಗಾಲ ಮುಗಿಯುತ್ತಲೇ ಹಿಮಲೋಕ ಮುಚ್ಚಿತು. ಸ್ತುತಿ ಮುಂದೆ ತನ್ನ ಮಕ್ಕಳನ್ನು ಆ ಜಾಗಕ್ಕೆ ಕರೆದುಕೊಂಡು ಹೋಗಿ, ಆ ದಿನ ಒಬ್ಬೊಬ್ಬರೂ ಮಾಡಿದ್ದನ್ನು ನಟಿಸಿ ತೋರಿಸಿ ನಗಿಸುತ್ತಿದ್ದಳಂತೆ. ನನ್ನಜ್ಜಿ ಆಗ ತೀರಾ ಸಣ್ಣವಳು. ಅವಳಿಗೆ ಆ ನಟನೆ ನೆನಪು ಉಳಿದಿತ್ತು, ಕಥೆ ಮರೆತಿತ್ತು. ಗಾಳಿ ತುಂಬಿದ ಗಾಲಿ ಅನ್ನುವುದನ್ನೇ ಕಾಣದ ನಾವು ಇನ್ನೇನು ತಿಳಿದೇವು?

ಅಷ್ಟಕ್ಕೆ ನಾನು ಕಿವಿ ಮುಚ್ಚಿಕೊಂಡು ಎದ್ದು ಬಂದೆ. ಇನ್ನೂ ಇದೆ, ಪೂರ್ತಿ ಕೇಳು ಅಕ್ಕಾ ಅಂತ ಅವಳು ಹಿಂದೆಯೇ ಬಂದಳು. ನಾನು ಕೇಳಲಿಲ್ಲ. ಹಬ್ಬ ಮುರಿಯಲು ಹುಟ್ಟಿದವಳು ನೀನು, ನಿನ್ನ ಮುಖ ತೋರಿಸಬೇಡ ಅಂದೆ. ಅವಳು ತೋರಿಸಲಿಲ್ಲ. ಹತ್ತೊಂಬತ್ತು ನಿಲುಹಬ್ಬ ಆದವು. ಪ್ರತಿ ವರ್ಷ ಕರ್ಚಿಕಾಯಿ ಹಂಚುವಾಗ ನನ್ನ ಎಡಗಡೆ ಒಂದು ಜಾಗ ಖಾಲಿ ಬಿಡುತ್ತಿದ್ದೆ. ಯಾರಾದರೂ ಅಲ್ಲಿ ಬಂದು ನಿಂತರೆ ಗದರಿಸಿ ಸರಿಸುತ್ತಿದ್ದೆ. ಯಾಕೆಂದು ಯಾರಿಗೂ ಹೇಳಲಿಲ್ಲ, ನನಗೆ ಅಷ್ಟು ಸೊಕ್ಕು.

ಈ ವರ್ಷ ಹಿಂದೋಲೆಯ ಅನುಮತಿ ಬಂತು. ಎಸ್ತೇರವ್ವನಿಗೆ ನಿಲುಹಬ್ಬದ ಉಪಕಾರ ಸ್ಮರಿಸಿ ಬರೆಯುತ್ತೇನೆ, ರುಜು ಹಾಕು ಅಂತ ವಚನಾಳಿಗೆ ಹೇಳಿಕಳಿಸಿದೆ. ಸ್ಟೆಪ್ನಿಗೆ ಗಾಳಿ ಹಾಕಿಸು ಅಂತ ಬರೆದರೆ ಮಾತ್ರ ರುಜು ಅಂತ ಉತ್ತರ ಬಂತು. ಕಚೇರಿಯವರ ಪ್ರಕಾರ ಹಿಂದೆ ಏನಾದರೂ ಬದಲಾದರೆ ಇಲ್ಲಿ ನಮಗೆ ಅದರ ನೆನಪೂ ಇರುವುದಿಲ್ಲ. ಕಾರು ನಿಲ್ಲದಿದ್ದರೆ ಹಬ್ಬವಿಲ್ಲ. ಹಬ್ಬವಿಲ್ಲದಿದ್ದರೆ ನಾವು ಹದಿನಾಲ್ಕು ಮಂದಿ, ಈಗ ಉಳಿದಿರುವುದು ಅಷ್ಟೇ, ಹಲ್ಲು ಬಂದಂದಿನಿಂದ ಸಾಯುವ ತನಕ ಒಬ್ಬರನ್ನೊಬ್ಬರು ಮುಟ್ಟುವುದೇ ಇಲ್ಲ. ಒಂದು ಸಲ ಬಂದು ನಮ್ಮ ಜೊತೆ ನಿಲ್ಲು, ಆಮೇಲೆ ಮಾತಾಡೋಣ ಅಂತ ಅವಳಿಗೆ ಹೇಳಿಕಳಿಸಿದೆ. ಬರುವುದಿಲ್ಲ ಅಂದುಕೊಂಡಿದ್ದೆ.

ನಿನ್ನೆ ನಸುಕಿನಲ್ಲಿ ಬಂದಳು. ಕೂದಲೆಲ್ಲ ಬೆಳ್ಳಗಾಗಿದೆ. ನೇರ ನಡೆದು ಬಂದು ನನ್ನ ಎಡಗಡೆ ನಿಂತಳು. ಅವಳ ತೋಳು ನನ್ನ ತೋಳಿಗೆ ತಾಗಿತು, ಬೆಚ್ಚಗಿತ್ತು. ಬೈಯುವ ನನ್ನ ಪಾಳಿಯನ್ನೇ ಮರೆತು ಮೊದಲ ಕರ್ಚಿಕಾಯಿ ಅವಳ ಕೈಗೇ ಕೊಟ್ಟೆ. ಎಸ್ತೇರವ್ವಾ, ಅಲ್ಲಿಯೇ ಜೀವ ಹೋಗಿದ್ದರೂ ಸಾಕಿತ್ತು ನನಗೆ.

ಈ ವರ್ಷದ ಅಳುಪಾಳಿ ಐದು ವರ್ಷದ ಇಬ್ಬನಿಯದು, ನನ್ನ ಮಗನ ಮೊಮ್ಮಗಳು. ಎಷ್ಟು ಪುಸಲಾಯಿಸಿದರೂ ಅವಳಿಗೆ ಅಳು ಬರಲಿಲ್ಲ, ಎಲ್ಲರ ಮುಖವನ್ನೂ ಪಿಳಿಪಿಳಿ ನೋಡಿದಳು. ಆಗ ನನ್ನ ಕೈ ತಾನಾಗಿಯೇ ಅವಳ ತೊಡೆಯ ಕಡೆ ಹೋಯಿತು. ವಚನಾ ಅದನ್ನು ನೋಡಿದಳು. ಬೈಯಲಿಲ್ಲ. ಸ್ತುತಿಯ ದನಿಯನ್ನು, ಅಂದು ನಾನು ಕೇಳದೆ ಬಿಟ್ಟಿದ್ದ ಭಾಗವನ್ನು, ಹಚ್ಚಿದಳು.

ನಿನ್ನ ಮಗಳಿಗೆ ಕೊನೆಯ ದಿನಗಳಲ್ಲಿ ಆ ಕಥೆಯೂ ಸೇರಿ ಎಲ್ಲ ಮರೆತುಹೋಗಿತ್ತು, ಅವ್ವಾ. ಮಕ್ಕಳ ಹೆಸರೂ ನೆನಪಿರಲಿಲ್ಲ. ಆರೈಕೆಯವಳನ್ನು ನೀನೇ ಅಂದುಕೊಂಡು ಮತ್ತೆ ಮತ್ತೆ ಕೇಳುತ್ತಾಳೆ, ಇನ್ನೂ ಎಷ್ಟ ದೂರ ಐತವ್ವಾ, ಬಂತನವ್ವಾ, ನಾ ನಿದ್ದಿ ಮಾಡಂಗಿಲ್ಲ, ಬಂದಾಗ ಎಬ್ಬಸ್ತಿಯಿಲ್ಲೋ. ಎಂಬತ್ತೆಂಟು ವರ್ಷದ ಮುದುಕಿಯ ಒಡೆದ ದನಿಯಲ್ಲಿ ಆರು ವರ್ಷದ ಹಟ. ಹದಿನಾಲ್ಕು ಮಂದಿಯೂ ತಲೆ ತಗ್ಗಿಸಿ ನಿಂತೆವು. ಒಂದು ಮಗುವಿನ ಅಳುವನ್ನು ಅರವತ್ತಾರು ವರ್ಷ ಹಬ್ಬ ಮಾಡಿಕೊಂಡು ಉಂಡಿದ್ದೇವೆ. ಆ ಮಗುವಿಗೆ ಬೇಕಾಗಿದ್ದದ್ದು ಏನು ಅಂತ ವಚನಾ ಒಬ್ಬಳನ್ನು ಬಿಟ್ಟರೆ ಯಾರೂ ಕೇಳಲಿಲ್ಲ.

ರಾತ್ರಿಯೆಲ್ಲ ಯೋಚಿಸಿದೆ ಅಂತ ಸುಳ್ಳು ಹೇಳುವುದಿಲ್ಲ. ಅಲ್ಲಿಯೇ ನಿಶ್ಚಯವಾಯಿತು. ಆದರೂ ಬರೆಯಲು ಕೈ ಬರುತ್ತಿಲ್ಲ. ಇವತ್ತು ವಚನಾ ನನ್ನ ಕೋಣೆಯಲ್ಲೇ ಇದ್ದಾಳೆ, ಒಂದೇ ಕಿಂಡಿಯ ಊಟವನ್ನು ಇಬ್ಬರೂ ಹಂಚಿಕೊಂಡು ತಿಂದೆವು. ಬೆಳಗಾದರೆ ಇವಳ ತೋಳು ತಾಗಿದ್ದೂ ನನಗೆ ನೆನಪಿರಲಿಕ್ಕಿಲ್ಲ. ಇವಳು ಯಾರು ಅಂತಲೂ ಗೊತ್ತಿಲ್ಲದೆ ಬೇರೆ ಬೇರೆ ಗಾಜಿನೊಳಗೆ ಕೂತು ಹಾದುಹೋಗುತ್ತೇವೇನೋ. ಅವಳು ಮೊದಲು ರುಜು ಹಾಕಿದ್ದಾಳೆ, ನನ್ನದೊಂದು ಬಾಕಿ. ಪಕ್ಕದಲ್ಲಿ ಕೂತು ನಾನು ಬರೆಯುವುದನ್ನು ಓದುತ್ತಿದ್ದಾಳೆ. ಸಾವಕಾಶ ಬರಿ ಅಕ್ಕಾ, ಅವಸರವೇನಿಲ್ಲ ಅನ್ನುತ್ತಾಳೆ. ಆಯಿತು, ಬರೆಯುತ್ತೇನೆ.

ಎಸ್ತೇರವ್ವಾ, ಇಪ್ಪತ್ತೈದರಂದು ಚರ್ಚಿನಿಂದ ಬಂದ ಮೇಲೆ ಡಿಕ್ಕಿ ತೆಗೆ. ನಿನ್ನ ಗಂಡ ಎಲ್ಲ ಸರಿ ಇದೆ ಅಂತ ಹೇಳುತ್ತಾನೆ, ನಂಬಬೇಡ. ಸ್ಟೆಪ್ನಿಯನ್ನು ನೀನೇ ನಿಂತು ನೋಡು, ಗಾಳಿ ಹಾಕಿಸು. ಹಿಂದಿನ ಎಡಗಡೆಯ ಟೈರು ಸವೆದಿದೆ, ಅದನ್ನು ಬದಲಿಸಿಬಿಡು. ಮಾರನೆಯ ದಿನ ನಸುಕಿನ ನಾಲ್ಕಕ್ಕೆ ಹೊರಡಿ. ಹಿರಿಯೂರು ದಾಟಿದ ಮೇಲೆ ಆರನೆಯ ಕಿಲೋಮೀಟರಿನಲ್ಲಿ ನಿಲ್ಲಿಸಬೇಡಿ. ಅಲ್ಲಿ ನೋಡುವಂಥದ್ದೇನೂ ಇಲ್ಲ, ಬಯಲು, ಅಷ್ಟೇ. ಯಾರೂ ನಿಮಗಾಗಿ ಕಾಯುತ್ತಿರುವುದಿಲ್ಲ. ಮಗು ನಿದ್ದೆ ಹೋಗಿದ್ದರೆ ಮಲಗಲಿ, ಹಿಮಲೋಕದ ಬಾಗಿಲು ಬಂದಾಗ ಎಬ್ಬಿಸು.

ನಿನ್ನ
ನಿರೀಕ್ಷಾ