ದೋಣಿಗೆ ಹೊಡದ ಕುದರಿ ನಾಲ

ಖಾನಾಪುರ, ಶನಿವಾರ

ನನ್ನ ಹೆಂಡತಿಯ ಮುದ್ದಿನ ತಮ್ಮ, ಮಚ್ಛೆಯ ವೆಲ್ಡರ್ ಸೋಮಲಿಂಗಗ,

ಇಲ್ಲೋ ಮಾರಾಯಾ, ಡಾಂಬರ ಹಚ್ಚಿದ್ರೂ ದೋಣಿಗೆ ನೀರು ಹೊಗೂದು ನಿಲ್ಲವಲ್ದು. ನೀ ಫೋನ್ ಎತ್ತವಲ್ಲಿ, ಅದಕ್ಕ ಬಸ್ ಕಂಡಕ್ಟರ್ ಕೈಯಾಗ ಈ ಚೀಟಿ ಕಳಸಾಕತ್ತೀನಿ.

ದೋಣಿ ಚಂದ ಮಾಡಿದ್ದಿ, ಖರೇ. ಎರಡ ಉದ್ದನ್ನ ತಗಡಿನ ಕೊಳವಿ, ಮ್ಯಾಲ ಹಲಗಿ, ಹಲಗಿ ಮ್ಯಾಲ ಕುರ್ಚಿ, ನೆರಳಿಗೆ ತಾಡಪಾಲ. ಕೊಳವ್ಯಾಗ ಬರೇ ಗಾಳಿ ಇದ್ರ ದೋಣಿ ತೇಲತೈತಿ ಅಂತ ಹೇಳಿದಾಂವನೂ ನೀನ. ಮತ್ತ ಪೂಜಾ ದಿನ ದೃಷ್ಟಿ ತಾಗಬಾರದಂತ ಅದ ಕೊಳವಿಗೆ ಕುದರಿ ನಾಲ ಯಾಕ ಬಡದೆಪಾ? ಬೆಸಗಿ ಹಾಕು ಅಂದ್ರ, "ಕುದರಿ ನಾಲಕ್ಕ ಮೊಳೀನ ಹೊಡೀಬೇಕ ಮಾಮಾ" ಅಂದಿ. ಅದೇನ ಮನಿ ಹೊಸ್ತಿಲಾ? ಈಗ ಮೊಳಿ ತೂತಿನಾಗಿಂದ ಮಲಪ್ರಭಾ ಎಡಗಡೆ ಕೊಳವ್ಯಾಗ ಹೊಕ್ಕಾಳ. ಎಡಕ್ಕ ಕುಂತವ್ರ ಕಾಲು ತೋಯ್ತಾವ, ಬಲಕ್ಕ ಕುಂತವ್ರು ಗುಡ್ಡದ ಮ್ಯಾಲ ಕುಂತಂಗ ಕಾಣ್ತಾರ.

ಸೋಮವಾರ ಪ್ರವಾಸಿಗರ ದೋಣಿಗೆ ಲೈಸನ್ಸ್ ಕೊಡೂ ಸಾಹೇಬ್ರು ಬಂದು ದೋಣ್ಯಾಗ ಕುಂತ ನೋಡ್ತಾರ. ಅವ್ರ ಬೂಟ ತೋಯ್ದ್ರ ಲೈಸನ್ಸ್ ಇಲ್ಲ, ಸೀಜನ್ ಪೂರಾ ನಾ ದಂಡಿ ಮ್ಯಾಲ ಕುಂತ ಮೀನಿನ ಕೂಡ ಮಾತಾಡಬೇಕು. ನಾಳೆ ಬೆಸಗಿ ಹಾಕೂ ಮಷಿನ್ ತಗೊಂಡ ಬಾ.

ಅಂಜಬ್ಯಾಡ. ಮೊಳಿ ಹೊಡದಾಂವ ನಾನ ಅಂತ ನಿಮ್ಮಕ್ಕ ಮಾಯಕ್ಕಗ ಹೇಳೀನಿ. "ನನ್ನ ತಮ್ಮ ಬಂಗಾರದಂಥಾ ದೋಣಿ ಮಾಡಿಕೊಟ್ರ ತೂತ ಹೊಡದ್ರಿ" ಅಂತ ಮುಂಜಾನಿಂದ ನಿನ್ನ ಪಾಲಿನ ಬೈಗಳಾ ನನಗ ಬಡಸಾಕತ್ತಾಳ.

ಕೇಳ, ಈಗೂ ಒಳಗಿಂದ ಕರ್ಯಾಕತ್ತಾಳ: "ಕ್ಯಾಪ್ಟನ್ ಸಾಹೇಬ್ರ, ರೊಟ್ಟಿ ಆರಾಕತ್ತಾವ, ಬರ್ತೀರೋ ಇಲ್ಲೋ?"

ಹೋಗ್ತೀನಿ. ರೊಟ್ಟಿ ಜೋಡಿ ಬೈಗಳಾನೂ ಬಡಸ್ತಾಳ; ಅರ್ಧಾ ಊಟ ನಿಂದ ಐತಿ.

ನಿನ್ನ ಮಾಮಾ,
ಮೈಲಾರಲಿಂಗ