ಮೂರು ಮೀಟರ್ ಎತ್ತರದ ಗೂಡು

ಅಕ್ಟೋಬರ್ 24

ಮೂರು ತಿಂಗಳ ಮುನ್ಸೂಚನೆ ಬಂತು. ಹಿಮ ವಾಡಿಕೆಗಿಂತ ಹೆಚ್ಚು ಬೀಳುವ ಸಾಧ್ಯತೆ ಶೇಕಡಾ ಮೂವತ್ತು. ಕಡಿಮೆ ಬೀಳುವುದು ಮೂವತ್ತು. ವಾಡಿಕೆಯಷ್ಟು, ನಲವತ್ತು. ಎಲ್ಲ ಬಾಗಿಲೂ ತೆರೆದಿಟ್ಟು ಮನೆಯವರು ಎದ್ದುಹೋದ ಹಾಗೆ. ಸ್ಕೀ ಗುಡ್ಡದ ಫಲಕಕ್ಕೆ ಬರೆದೆ: 'ಈ ಸಲ ಉತ್ತಮ ಹಿಮದ ನಿರೀಕ್ಷೆ.' ಯಾರ ನಿರೀಕ್ಷೆ ಎಂದು ಬರೆಯಲಿಲ್ಲ. ಇಪ್ಪತ್ತಾರು ವರ್ಷದಿಂದ ಬರೆದಿಲ್ಲ.

ಕ್ಯಾಂಟೀನಿನ ಶಿಗೆ ಅಜ್ಜಿ ಓದಿದಳು. "ಹೋದ ವರ್ಷದ್ದನ್ನೇ ಅಳಿಸದೆ ಬಿಟ್ಟಿದ್ರೆ ಆಗ್ತಿತ್ತಲ್ಲ ಮ್ಯಾನೇಜರ್ರೇ. ಸೀಮೆಸುಣ್ಣ ಉಳೀತಿತ್ತು."

ನವೆಂಬರ್ 2

ಊರ ಸಭೆ. ಹೋದ ಚಳಿಗಾಲ ಜನರನ್ನು ಗುಡ್ಡದ ತುದಿಗೆ ಒಯ್ಯುವ ಕುರ್ಚಿ-ಲಿಫ್ಟ್ ಓಡಿದ್ದು ಒಂಬತ್ತೇ ದಿನ. ಊರ ಹಿರಿಯ, ಪೇರು ತೋಟದ ಕುವಾಬಾರಾ ಎಂದಿನಂತೆ: "ಬಿಚ್ಚಿ ಹಾಕಿ ಆ ಕಬ್ಬಿಣಾನ. ನೋಡಿದ್ರೆ ನನ್ನ ಮಂಡಿ ನೋಯುತ್ತೆ." ಮಂಡಿ ಮುರಿದುಕೊಂಡದ್ದು ನಮ್ಮ ಗುಡ್ಡದಲ್ಲೇ, ಇಪ್ಪತ್ತರ ಹರೆಯದಲ್ಲಿ, ಯಾರೋ ಹುಡುಗಿ ನೋಡುತ್ತಿದ್ದಾಳೆಂದು.

ಶೇಕಡಾವಾರು ಓದಿ ಹೇಳಿದೆ. ಯಾರೂ ಕೇಳಲಿಲ್ಲ. ಹದಿನೈದಕ್ಕೆ ಗುಡಿಯ ಹಿಂದಿನ ಪೊದೆಯಲ್ಲಿ ಸೂರ್ಯನ ಕುದುರೆ ಹುಳುವಿನ ಗೂಡು ಅಳೆಯುವುದು, ಆಮೇಲೆ ತೀರ್ಮಾನ. ಹಿಮ ಎಲ್ಲಿವರೆಗೆ ಏರುತ್ತದೋ ಅದಕ್ಕೆ ತುಸು ಮೇಲೆಯೇ ಆ ಹುಳು ಮೊಟ್ಟೆಯ ಗೂಡು ಅಂಟಿಸುತ್ತದೆ ಎಂಬುದು ಇಲ್ಲಿಯ ನಂಬಿಕೆ. ಗೂಡು ಮೇಲಿದ್ದರೆ ಲಿಫ್ಟ್ ಉಳಿಯಿತು. ಕೆಳಗಿದ್ದರೆ ಗುಜರಿಗೆ.

ಇಡೀ ವೃತ್ತಿಜೀವನ ಒಂದು ಹುಳುವಿನ ಹೊಟ್ಟೆಯ ತುದಿಯಲ್ಲಿ. ವಿಚಿತ್ರವೆಂದರೆ ಅವಮಾನ ಅನ್ನಿಸಲಿಲ್ಲ.

ನವೆಂಬರ್ 9

ಸುಮ್ಮನೆ ನೋಡಿಬರಲು ಹೋಗಿದ್ದೆ. ಗೂಡುಗಳು ಐದು. ಎಲ್ಲವೂ ಮೊಣಕಾಲಿನ ಕೆಳಗೆ. ಒಂದಂತೂ ನಲವತ್ತು ಸೆಂಟಿಮೀಟರ್.

ನನಗೆ ಇಂಥದರಲ್ಲಿ ನಂಬಿಕೆಯಿಲ್ಲ. ಎರಡು ಸಲ ಅಳೆದೆ.

ನವೆಂಬರ್ 12, ಬೆಳಿಗ್ಗೆ 5.20

ಮಾಡಿಬಿಟ್ಟೆ. ಕಡ್ಡಿ ಸಮೇತ ಗೂಡೊಂದನ್ನು ಕತ್ತರಿಸಿ ಮೇಲಿನ ಕೊಂಬೆಗೆ ಕಟ್ಟಿದೆ. ಎರಡು ಮೀಟರ್. ಜೇಬಿನಲ್ಲಿದ್ದದ್ದು ಲಿಫ್ಟ್ ಟಿಕೆಟ್ಟಿನ ಕಿತ್ತಳೆ ದಾರ ಮಾತ್ರ. ದಾರ ಎಲೆಗಳ ಮರೆಯಲ್ಲಿದೆ.

ಐವತ್ತನಾಲ್ಕು ವರ್ಷದ ಮನುಷ್ಯ, ಮಂಜಿನಲ್ಲಿ ತುದಿಗಾಲಲ್ಲಿ ನಿಂತು, ಹವಾಮಾನವನ್ನು ತಿದ್ದುತ್ತಿದ್ದಾನೆ. ಅವನನ್ನು ನಾನೇ ಸ್ವಲ್ಪ ದೂರ ನಿಂತು ನೋಡಿದ ಹಾಗಾಯಿತು. ಗಂಟು ಸರಿಯಾಗಿ ಹಾಕಲಿಲ್ಲ ಅನ್ನಿಸಿತು. ಮತ್ತೆ ಹಾಕಿದೆ.

ನವೆಂಬರ್ 15

ಎಲೆಗಳೆಲ್ಲ ಮೂರು ದಿನದಲ್ಲಿ ಉದುರಿದ್ದವು.

ನನ್ನದು ಎರಡು ಮೀಟರಿನಲ್ಲಿ, ಕಿತ್ತಳೆ ದಾರದೊಂದಿಗೆ, ಹಬ್ಬದ ತೋರಣದ ಹಾಗೆ. ಪಕ್ಕದಲ್ಲಿ ಇನ್ನೊಂದು, ಒಂದೂ ಮುಕ್ಕಾಲು ಮೀಟರ್. ಮೂಲಂಗಿ ಒಣಹಾಕುವ ಬಿಳಿ ನೂಲು. ಶಿಗೆ ಅಜ್ಜಿ ಆಕಾಶ ನೋಡುತ್ತಿದ್ದಳು. ಎರಡೂಕಾಲರಲ್ಲಿ ಮತ್ತೊಂದು, ತಾಮ್ರದ ತಂತಿ. ಲಿಫ್ಟ್ ಓಡಿಸುವ ಯೋಹೆಯ್ ಬೂಟಿನ ಲೇಸು ಕಟ್ಟಲು ಬಗ್ಗಿದ. ಅವನ ಬೂಟಿಗೆ ಲೇಸಿಲ್ಲ.

ಎಲ್ಲಕ್ಕಿಂತ ಮೇಲೆ, ಏಣಿಯಿಲ್ಲದೆ ಎಟುಕದ ಕಡೆ, ನಾಲ್ಕನೆಯದು. ಹುಲ್ಲಿನ ಹಗ್ಗ. ಚಳಿಗಾಲಕ್ಕೆ ಮುಂಚೆ ಪೇರು ಮರದ ಕೊಂಬೆಗಳಿಗೆ ಆಸರೆ ಕಟ್ಟುವ ಗಂಟು. ಅಷ್ಟು ನೀಟಾಗಿ ಈ ಊರಲ್ಲಿ ಕಟ್ಟುವವರು ಒಬ್ಬರೇ.

ಕುವಾಬಾರಾ ಬಿದಿರಿನ ಅಳತೆಗೋಲು ಹಿಡಿದು ಕುಂಟುತ್ತ ಸುತ್ತು ಬಂದರು.

"ಈ ವರ್ಷ ಹುಳುಗಳು ಗಂಟು ಹಾಕೋದೂ ಕಲ್ತಿವೆ," ಅಂದಳು ಅಜ್ಜಿ.

"ಹವಾಮಾನ ಬದಲಾಗ್ತಿದೆ ಅಂತಾರಲ್ಲ, ಇದೇ ಇರ್ಬೇಕು," ಯೋಹೆಯ್.

ಐದನೆಯ ಗೂಡು ಇದ್ದಲ್ಲೇ ಇತ್ತು, ನಲವತ್ತು ಸೆಂಟಿಮೀಟರಿನಲ್ಲಿ. ಕುವಾಬಾರಾ ಅದರ ಮುಂದೆ ಬಂದು ನಿಂತುಬಿಟ್ಟರು. ಅವರ ಕಾಲು ಅಡ್ಡ ಬಂದದ್ದರಿಂದ ಅದು ಯಾರಿಗೂ ಕಾಣಲಿಲ್ಲ.

"ಬರ್ಕೊಳ್ಳಿ ಮ್ಯಾನೇಜರ್ರೇ. ಮೂರು ಮೀಟರ್."

ಲಿಫ್ಟ್ ಉಳಿಯಿತು. ಒಂದು ಷರತ್ತು: ಜನವರಿ ಹತ್ತರೊಳಗೆ ಒಂದು ದಿನವಾದರೂ ಓಡಬೇಕು. ಇಲ್ಲವಾದರೆ ವಸಂತದಲ್ಲಿ ಬಿಚ್ಚುವುದು.

ಡಿಸೆಂಬರ್ 20

ಗುಡ್ಡ ಹಸಿರಾಗಿದೆ. ಉದ್ಘಾಟನೆಗೆ ಪುರೋಹಿತರು ಬಂದು ಹುಲ್ಲಿನ ಮೇಲೆ ನಿಂತು ಹಿಮದಲ್ಲಿ ಯಾರಿಗೂ ಅಪಘಾತವಾಗದಿರಲೆಂದು ಪ್ರಾರ್ಥಿಸಿದರು. ಆಗುವ ಸಂಭವವೂ ಇರಲಿಲ್ಲ. ಅಜ್ಜಿ ನಲವತ್ತು ಜನಕ್ಕೆ ಕರಿ ಎಂಬ ಗಟ್ಟಿ ಮಸಾಲೆ ಸಾರು, ಅನ್ನ ಮಾಡಿದ್ದಳು. ಮೂವರು ತಿಂದೆವು. ಉಳಿದದ್ದು ಹಾಗೇ ಇದೆ.

ಟೋಕಿಯೊದಿಂದ ಹೆಂಗಸೊಬ್ಬಳ ಫೋನ್. "ಹಿಮ ಇದೆಯಾ?"

"ಮೂರು ಮೀಟರ್ ಬರೋ ಸೂಚನೆ ಇದೆ."

"ಯಾರು ಹೇಳಿದ್ದು?"

"ಸ್ಥಳೀಯ ಮೂಲಗಳು."

ಡಿಸೆಂಬರ್ 23

ಕರಿ.

ಡಿಸೆಂಬರ್ 26

ಕರಿ. ಹೊಸ ಮುನ್ಸೂಚನೆ: ವಾಡಿಕೆಗಿಂತ ಕಡಿಮೆ, ಶೇಕಡಾ ಐವತ್ತು. ಹವಾಮಾನದವರು ಈಗ ಬಾಗಿಲು ಮುಚ್ಚಲು ಶುರುಮಾಡಿದ್ದಾರೆ.

ಜನವರಿ 6

ಮಳೆ. ತಗಡಿನ ಮೇಲೆ ಒಂದೇ ಸಮ. ಪೊದೆಯ ಕಡೆ ಹೋಗಿದ್ದೆ. ಕುವಾಬಾರಾ ಅಲ್ಲಿದ್ದರು, ಕೊಡೆ ಹಿಡಿದು, ಕತ್ತೆತ್ತಿ.

"ಇನ್ನೂ ಮೇಲೆ ಕಟ್ಬೇಕಿತ್ತೇನೋ," ಅಂದರು. ಯಾರು ಕಟ್ಟಬೇಕಿತ್ತು ಎಂದು ಹೇಳಲಿಲ್ಲ. ಆಮೇಲೆ ಮಂಡಿ ತಟ್ಟಿಕೊಂಡು: "ಅವಳು ಆವತ್ತು ನೋಡ್ತಾನೇ ಇರ್ಲಿಲ್ವಂತೆ. ಮದುವೆಯಾದ ಮೇಲೆ ಹೇಳಿದ್ಳು."

ನಲವತ್ತು ವರ್ಷದಿಂದ ಲಿಫ್ಟನ್ನು ಬೈಯುತ್ತಿರುವ ಮನುಷ್ಯ. ದಿನಾ ಬಂದು ನೋಡದೆ ಹಾಗೆ ಬೈಯಲಾಗುವುದಿಲ್ಲ. ಇಷ್ಟು ತಿಳಿಯಲು ಇಷ್ಟು ವರ್ಷ.

ಜನವರಿ 10, ಬೆಳಿಗ್ಗೆ 6.05

ಎಚ್ಚರವಾದದ್ದು ಸದ್ದಿನಿಂದಲ್ಲ. ನಾಲ್ಕು ದಿನದ ಮಳೆಯ ಸದ್ದು ಇರಲಿಲ್ಲ. ಕೆಳಗಿನ ಕಿಟಕಿ ಪೂರ್ತಿ ಹಿಮದ ಬಿಳಿ. ಬಾಗಿಲು ತಳ್ಳಿದರೆ ಅಲುಗುತ್ತಿಲ್ಲ. ಸಲಿಕೆ ಹೊರಗಿದೆ, ನಾನು ಒಳಗೆ.

ಫೋನ್. ಕುವಾಬಾರಾ, ಪಿಸುಮಾತಿನಲ್ಲಿ:

"ಮ್ಯಾನೇಜರ್ರೇ, ಆ ಮೂರು ಮೀಟರಿನದು ಯಾರು ಕಟ್ಟಿದ್ದು ಅಂತ ದಯವಿಟ್ಟು ಯಾರಿಗೂ ಹೇಳ್ಬೇಡಿ."

"ಯಾಕೆ?"

"ಇಡೀ ಬೀದೀಲಿ ಯಾರ ಬಾಗಿಲೂ ತೆಗೀತಿಲ್ಲ. ಎಲ್ಲ ನನ್ನ ತಲೆಗೇ ಕಟ್ತಾರೆ."

"ಲಿಫ್ಟ್ ಇವತ್ತೇ ಓಡ್ಬೇಕಲ್ಲ?"

"ಯೋಹೆಯ್ ನಿನ್ನೆಯಿಂದ ಮೋಟಾರಿನ ಕೋಣೇಲೇ ಮಲಗಿದಾನೆ. ಮೊದಲ್ನೇ ಕುರ್ಚಿ ನನಗಿರ್ಲಿ ಅಂತ ಹೇಳಿಟ್ಟಿದೀನಿ. ಕೂತ್ಕೊಂಡು ಹೋಗಿ ಕೂತ್ಕೊಂಡೇ ಬರ್ತೀನಿ."

6.40

ಮಹಡಿಯ ಕಿಟಕಿಯಿಂದ ಹೊರಡಬೇಕು. ಒಂದು ಕಾಲಿಗೆ ಬೂಟು ಹಾಕಿದ್ದೇನೆ. ಗುಡ್ಡದ ಕಡೆಯಿಂದ ಮೋಟಾರು ಒಮ್ಮೆ ಕೆಮ್ಮಿತು. ನಿಂತಿತು. ಮತ್ತೊಮ್ಮೆ... ಉದ್ದಕ್ಕೆ... ತಿರುಗುತ್ತಿ—