ಡ್ರೈ ಬಾಕ್ಸಿನಲ್ಲಿ ಹಪ್ಪಳ

ರೀ,
ಮೇಳಿಗೆ ಊರಿನ ಮದುವೆ ಫೋಟೋಕ್ಕೆ ಹೊರಡೋ ಮೊದಲು ಇದನ್ನ ಓದಿ. ಬ್ಯಾಟರಿ ಚಾರ್ಜ್ ಆಗಿದೆ.

ಲೆನ್ಸ್ ಬ್ಯಾಗಿಗೆ ಹಾಕೋಣ ಅಂತ ನಿಮ್ಮ ಡ್ರೈ ಬಾಕ್ಸ್ ತೆಗೆದೆ. ಒಂದು ಲೆನ್ಸೂ ಇಲ್ಲ, ತುಂಬಾ ಹಲಸಿನ ಹಪ್ಪಳ. ಅತ್ತೇನ ಕೇಳಿದ್ರೆ, "ಇದ್ರಲ್ಲಿಟ್ರೆ ಬೂಷ್ಟು ಹಿಡಿಯಲ್ಲ ಅಂತ ಅವ್ನೇ ಹೇಳಿದ್ನಲ್ಲ" ಅಂತಾರೆ.

ತೇವ ಹೀರೋ ಸಿಲಿಕಾ ಪೊಟ್ಟಣಗಳು ಹಪ್ಪಳದ ಮಧ್ಯೆ ಸೇರ್ಕೊಂಡಿವೆ, ಹುಡುಕಿ ತೆಗೀರಿ.

ಲೆನ್ಸ್ ಎಲ್ಲಾ ಅತ್ತೆ ಟ್ರಂಕಿನಲ್ಲಿದೆ. ಕ್ಯಾಮೆರಾಕ್ಕೆ ಹಾಕೋ ಮೊದಲು ಬೂಷ್ಟು ಹಿಡಿದಿದ್ಯಾ ಅಂತ ಗಾಜನ್ನ ಬೆಳಕಿಗೆ ಹಿಡಿದು ನೋಡ್ಕೊಳ್ಳಿ.

ಅತ್ತೆಗೆ ಮಾತ್ರ ಬೈಬೇಡಿ. ಒಂದೊಂದು ಲೆನ್ಸನ್ನೂ ಅವರ ಧಾರೆ ಸೀರೆ ಮಡಿಕೆಯೊಳಗೆ ಇಟ್ಟಿದ್ದಾರೆ. ಆ ಸೀರೇನ ಇವತ್ತಿನವರೆಗೂ ನನಗೆ ಮುಟ್ಟೋಕೂ ಬಿಟ್ಟಿಲ್ಲ.

ಸೌಜನ್ಯಾ